ಉಡ್ಯಾಗಿನ ಐದು ಬೋಲ್ಟು

ಬೀದರದಾಗಿನ ನಮ್ಮ ಮೈಲೂರ ಮನಿ ಎದುರಿಗಿ ಒಂದು ಗ್ಯಾರೇಜ ಅದ. ಅದರಾಂವ ದಿನಾ ಮುಂಜಾನಿ ಒಂದು ಹಳಿ ಡಬ್ಬ್ಯಾಗ ಘಾಸ್ಲೇಟ, ಅಂದ್ರ ಚಿಮಣಿ ಎಣ್ಣಿ, ಸುರುವಿ, ಜಂಗು ಹಿಡದ ನಟ್ಟು ಬೋಲ್ಟು ನೆನಿ ಇಡ್ತಾನ. ಬಿಸಲು ಏರಿದಂಗ ಆ ವಾಸನಿ ರಸ್ತಾ ದಾಟಿ ನಮ್ಮ ಪಡಸಾಲಿಗಿ ಬರ್ತದ. ಮನ್ಯಾಗಿನವರೆಲ್ಲ ಮೂಗು ಮುಚ್ಕೋತಾರ. "ಕಿಡಕಿ ಹಾಕ್ರಿ ಅಜ್ಜಿ" ಅಂತಾರ. ನಾ ಹಾಕಂಗಿಲ್ಲ. ನನಗ ಆ ವಾಸನಿ ಊದಿನಕಡ್ಡಿಕಿಂತ ಛಲೋ ಅನಸ್ತದ. ಯಾಕ ಅಂತ ಯಾರೂ ಕೇಳಿಲ್ಲ. ಮುದುಕಿ ಮೂಗು ಕೆಟ್ಟದ ಅಂತ ತಿಳ್ಕೊಂಡಾರ. ನೀವು ಕೇಳ್ತೀರಿ ಅಂದ್ರ ಹೇಳ್ತೇನಿ. ಚಾ ಕುಡ್ಕೋತ ಓದ್ರಿ, ನನಗ ಸಣ್ಣದಾಗಿ ಬರೀಲಾಕ ಬರಂಗಿಲ್ಲ.

ನಿಜಾಮನ ರಾಜ್ಯ ನಡದಾಗಿನ ಮಾತು. ನಾ ಲಗ್ನಾಗಿ ಭಾಲ್ಕಿಗಿ ನಡೀಲಾಕ ಬಂದ ಹೊಸದು. ನನ್ನ ತವರು ಔರಾದ. ಈಗ ಬಸ್ಸಿನ್ಯಾಗ ಕೂತು ಒಂದು ನಿದ್ದಿ ತಗಿಯೂದ್ರಾಗ ಬರ್ತದ. ಆಗ ಎತ್ತಿನ ಬಂಡ್ಯಾಗ ಹೊಂಟ್ರ ನಡುವ ಒಂದು ಕಡಿ ವಸ್ತಿ ಮಾಡಬೇಕು, ಮಾಂಜ್ರಾ ಹೊಳಿ ದಾಟಬೇಕು, ಮೈಯಾಗಿನ ಎಲುಬು ಎಲ್ಲಾ ತಮ್ಮ ಜಾಗಾ ಬಿಟ್ಟು ಬ್ಯಾರೆ ಜಾಗಾದಾಗ ಹೋಗಿ ಕೂಡ್ತಿದ್ದವು.

ಹಾದಿ ದೂರ ಅನ್ನೂದು ಒಂದು ತ್ರಾಸು. ಅದಕಿಂತ ದೊಡ್ಡದು ಪದ್ಧತಿ. ಲಗ್ನಾದ ಹುಡಗಿ ತಾನಾಗೆ ತವರಿಗಿ ಹೋಗಬಾರದು, ತವರಿನವರು ಬಂದು ಕರೀಬೇಕು. ಅಣ್ಣ ತಮ್ಮಂದಿರು ಇದ್ದವರಿಗಿ ಇದೇನು ದೊಡ್ಡ ಮಾತಲ್ಲ. ನನಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನಮ್ಮಪ್ಪ ಬಾವ್ಯಾಗ ಬಿದ್ದು ಸೊಂಟ ಮುರಕೊಂಡಿದ್ದ, ಬಂಡ್ಯಾಗ ಕೂಡೂದು ಅವನ ಕೈಲೆ ಆಗ್ತಿರಲಿಲ್ಲ. ಅವ್ವ ಅವನ್ನ ಬಿಟ್ಟು ಹೊರಗ ಕಾಲಿಡಾಕಿ ಅಲ್ಲ. ಹಂಗಾಗಿ ನನ್ನ ಕರೀಲಾಕ ಯಾರೂ ಬರ್ಲಿಲ್ಲ. ಪಂಚಮಿ ಹೋಯ್ತು, ದೀಪಾವಳಿ ಹೋಯ್ತು. ಓಣ್ಯಾಗಿನ ಸೊಸ್ಯಾರೆಲ್ಲಾ ಹೋಗಿ ಹೊಸಾ ಸೀರಿ ಉಟ್ಕೊಂಡು ತಿರುಗಿ ಬಂದರು. ನಾ ರೊಟ್ಟಿ ಬಡಕೋತ ಕೂತೆ. ಅತ್ತಿಗಿ ಕೇಳಿದ್ರ, "ಕರೀಲಾಕ ಯಾರ ಬಂದಾರ? ಬಂದ್ರ ಕಳಸ್ತೇನಿ, ನಾ ಏನು ಹಿಡ್ಕೊಂಡೀನೇನು?" ಅಂತಿದ್ದಳು. ಬಾಯಿ ಮಾತಿಗಿ ಆಕಿ ಅಂದದ್ದು ಖರೇನೆ ಇತ್ತು.

ಉಳಿದದ್ದು ಎಳ್ಳ ಅಮಾಸಿ. ನಮ್ಮ ಬೀದರ ಕಡಿ ಇದರ ಮುಂದ ಬ್ಯಾರೆ ಹಬ್ಬ ಲೆಕ್ಕಕ್ಕಿಲ್ಲ. ಬಿಳಿಜ್ವಾಳ ಎದಿ ಮಟ ನಿಂತಿರ್ತದ, ಕಡ್ಲಿ ಗಿಡ ಹಸರ ಇರ್ತದ, ಊರಿಗಿ ಊರೇ ಬೀಗ ಹಾಕ್ಕೊಂಡು ಹೊಲಕ್ಕ ಹೋಗ್ತದ. ಜ್ವಾಳದ ದಂಟಿನ ಕಣಕಿ ನಿಂದರಿಸಿ ಸಣ್ಣ ಕೊಂಪಿ ಮಾಡಿ, ಅದರೊಳಗ ಐದು ಕಲ್ಲಿಟ್ಟು ಪೂಜಿ ಮಾಡಿ, ಬೆಳಿಗಿ ಚರಗಾ, ಅಂದ್ರ ನೈವೇದ್ಯದ ಎಡಿ, ಚೆಲ್ಲಿ, ಆಮ್ಯಾಲ ಉಣ್ಣೂದು. ಸಜ್ಜಿ ರೊಟ್ಟಿ, ಅಂಬಲಿ, ಭಜ್ಜಿ. ಭಜ್ಜಿ ಅಂದ್ರ ಹೊಟೇಲಿನ್ಯಾಗ ಎಣ್ಣ್ಯಾಗ ಕರೀತಾರಲ್ಲ, ಅದಲ್ಲ. ಹೊಲದಾಗಿನ ಹಸಿ ಕಾಳು, ಕಾಯಿಪಲ್ಲೆ, ಸೊಪ್ಪು ಎಲ್ಲಾ ಕೂಡಸಿ ಕಡ್ಲಿ ಹಿಟ್ಟು ಹಾಕಿ ಕುದಸಿದ್ದು. ನಮ್ಮವ್ವ ಮಾಡಿದ ಭಜ್ಜಿ ನೆನಸ್ಕೊಂಡ್ರ ನನಗ ಆ ವಯಸ್ಸಿನ್ಯಾಗ ಕಣ್ಣಾಗ ನೀರು ಬರ್ತಿರಲಿಲ್ಲ, ಬಾಯಾಗ ಬರ್ತಿತ್ತು. ನಾ ಅಂಥಾಕಿನೇ.

ನಮ್ಮ ಮನ್ಯಾವ್ರಿಗಿ, ಅಂದ್ರ ನನ್ನ ಗಂಡಗ, ಇದು ಗೊತ್ತಿತ್ತು. ಒಂದು ದಿನ ಅವರು ಅಂದರು, "ಕೇಳಿಲ್ಲಿ. ಲಾರಿ ನಡೀತಂದ್ರ ಈ ಎಳ್ಳ ಅಮಾಸಿಗಿ ನಿನ್ನ ನಿಮ್ಮಪ್ಪನ ಹೊಲದಾಗ ಇಳಸ್ತೇನಿ. ಕರ್ಯಾವರು ಬರ್ಲಿ ಬಿಡ್ಲಿ."

ಈಗ ಲಾರಿ ಮಾತು. ನಮ್ಮ ಮಾವಂದು ಹತ್ತಿ ಧಂದೆ. ಔರಾದ ಕಡಿಯಿಂದ ಹತ್ತಿ ತಂದು ಭಾಲ್ಕ್ಯಾಗ ಕಾಳು ಬಿಡಸೂ ಜಿನ್ನಿಗಿ ಹಾಕೂದು. ಎಲ್ಲಾ ಬಂಡಿ ಮ್ಯಾಲೇ. ನಮ್ಮ ಮನ್ಯಾವ್ರು ಹುಡುಗರಿದ್ದಾಗ ಹೈದರಾಬಾದಿಗಿ ಹೋಗಿ ಒಬ್ಬ ಮಿಸ್ತ್ರಿ ಕೈಯಾಗ ಇದ್ದು ಮೋಟಾರ ಕೆಲಸ ಕಲ್ತು ಬಂದಿದ್ದರು. ಬಂದ ಮ್ಯಾಲ ಅವರ ಕಣ್ಣಿಗಿ ಎತ್ತು ಎತ್ತಿನಂಗ ಕಾಣ್ತಿರಲಿಲ್ಲ, ಮಂದ ಇಂಜನ್ನಿನಂಗ ಕಾಣ್ತಿದ್ದವು. ಬಗದಲ ಊರ ಕಡಿ ಒಬ್ಬ ಗುತ್ತೇದಾರನ ಲಾರಿ ಕೆಟ್ಟು ಬೇವಿನ ಗಿಡದ ಕೆಳಗ ನಿಂತದ ಅಂತ ಸುದ್ದಿ ಬಂತು. ಪರದೇಶದ ಲಾರಿ. ಅದರ ಬಾಯಾಗ ಹೀರಿ ಬಳ್ಳಿ ಹಬ್ಬಿತ್ತು. ಮಾವನ ಕೈಕಾಲು ಬಿದ್ದು ಅದನ್ನ ತಗೊಂಡರು, ಎತ್ತು ಕಟ್ಟಿ ಭಾಲ್ಕಿ ತನಕ ಎಳ್ಕೊಂಡು ಬಂದರು.

ಅಂಗಳಕ್ಕ ಬಂದ ಲಾರಿ ನೋಡಿ ಮಾವ ಕಟ್ಟಿ ಮ್ಯಾಲ ಕೂತು ಅಂದರು, "ಎತ್ತಿನ ಕೆಲಸ ತಪ್ಪಸ್ತೇನಿ ಅಂತ ತಂದಿ. ಇದನ್ನ ಎಳದು ಎಳದು ಎತ್ತಿಗೇ ಜ್ವರ ಬಂದಾವಲ್ಲೋ ತಮ್ಮಾ."

ಮಳಿಗಾಲೆಲ್ಲಾ ಆ ಲಾರಿ ನಮ್ಮ ಅಂಗಳದಾಗ ಬಿಚ್ಚಿ ಬಿದ್ದಿತ್ತು. ಇಂಜನ್ನಿಗಿ ಏನೂ ಆಗಿದ್ದಿಲ್ಲ ಅಂತ ಇವರು ಹೇಳ್ತಿದ್ದರು. ಇಲ್ಲದ್ದು ಬೋಲ್ಟು. ಗಿಡದ ಕೆಳಗ ನಿಂತಾಗ ಬಂದವರು ಹೋದವರು ಕೈಗಿ ಸಿಕ್ಕದ್ದು ಬಿಚ್ಕೊಂಡು ಹೋಗಿದ್ದರು. ಲಾರಿ ಅಂದ್ರ ಏನು ಅಂತ ನನಗ ಆಗ ತಿಳೀತು. ತಗಡು, ಕಬ್ಬಣ, ಕಟಗಿ, ಇವೆಲ್ಲಾ ತಮ್ಮ ಪಾಡಿಗಿ ತಾವು ಇರ್ತಾವ. ಹಿಡದಿಡೂದು ಬೋಲ್ಟು. ಅದು ಇಲ್ಲಂದ್ರ ಲಾರಿ ಅಂಬೂದು ಸಂತ್ಯಾಗಿನ ಕಬಾಡಿ ಅಂಗಡಿ ಇದ್ದಂಗ.

ಇವರು ಮನಿ ಬಿಚ್ಚಲಾಕ ಸುರು ಮಾಡಿದರು. ಹಿತ್ತಲ ಬಾಗಲದ ಚಿಲಕ ಹೋಯ್ತು, ಅದರ ಬೋಲ್ಟು ಲಾರಿ ಬಾಗಲಕ್ಕ ಬಂತು. ಬಂಡಿ ನೊಗದ ಕೊಂಡಿ ಹೋಯ್ತು. ನಾ ರೊಟ್ಟಿ ಹಂಚು ಮುಚ್ಚಿಟ್ಕೊಂಡೆ. ಪಡಸಾಲ್ಯಾಗ ಅತ್ತಿ ಕೂಡೂ ಜೋಕಾಲಿ ಇತ್ತು, ಸಾಗವಾನಿ ಹಲಗಿದು, ನಾಕು ಸರಪಳಿ. ಒಂದು ದಿನ ಮಧ್ಯಾಹ್ನ ಉಂಡು ಬಂದು ಅತ್ತಿ ಅದರ ಮ್ಯಾಲ ಕೂತಳು. ಕೂತಾಕಿ ಒಂದು ಮಗ್ಗಲಿಗಿ ಜಾರಿ ನೆಲಕ್ಕ ಬಂದಳು. ಒಂದು ಸರಪಳಿ ಬೋಲ್ಟು ಲಾರಿಗಿ ಹೋಗಿತ್ತು.

"ನಿನ್ನ ಹಡದು ಜ್ವಾಕಿ ಮಾಡೀನಿ, ನೀ ನನ್ನ ಬೋಲ್ಟೂ ಬಿಚ್ತೀಯೇನೋ!" ಅಂತ ಬಿದ್ದಲ್ಲಿಂದಲೇ ಬೈದಳು. ಇವರು ಓಡಿ ಬಂದು ಎಬ್ಬಸೂದು ಬಿಟ್ಟು, "ಅವ್ವಾ, ಇನ್ನೊಂದು ಹಂತಾದ್ದೇ ಬೇಕಾಗ್ಯಾದ" ಅಂದರು. ನಾ ಸೆರಗು ಬಾಯಾಗ ತುರಕೊಂಡು ಹಿತ್ತಲಕ್ಕ ಓಡಿದೆ. ಇಲ್ಲಂದ್ರ ನಗೂದು ಕೇಳಿ ಅತ್ತಿ ನನ್ನೂ ಬಿಚ್ತಿದ್ದಳು.

ಹಿಂಗ ಎಲ್ಲಾ ಕೂಡಿ ಬಂತು. ಇಂಜನ್ನು ಒಂದು ಸಲ ಕೆಮ್ಮಿ, ಒಂದು ಸಲ ಉಗುಳಿ, ನಡೀತು. ಉಳಿದದ್ದು ಗಾಲಿ. ಗಾಲಿ ಬಿಚ್ಚಿ ಒಳಗ ಕೀಲೆಣ್ಣಿ ಹಾಕಿ ತಿರುಗಿ ಕೂಡಸಬೇಕು. ಬಲಗಡಿ ಗಾಲಿ ನಟ್ಟು ತಿರುವೂ ಪಾನಾ ಹಾಕಿದ ಕೂಡ್ಲೆ ಬಿಚ್ಚಿತು. ಎಡಗಡಿ ಮುಂದಿನ ಗಾಲಿ ಜಪ್ಪಯ್ಯ ಅನ್ಲಿಲ್ಲ. ಘಾಸ್ಲೇಟ ಸುರುವಿದರು, ಬೆಂಕಿ ಕಾಸಿದರು, ಮಾವ ಇಬತ್ತಿ ಹಚ್ಚಿ ನೋಡಿದರು. ಕಡಿಗಿ ಪಾನಾಕ್ಕ ಒಂದು ಉದ್ದನ ಕೊಳವಿ ಸಿಗಸಿ, ಇವರೂ ಇನ್ನೊಬ್ಬ ಆಳೂ ಅದಕ್ಕ ಜೋತು ಬಿದ್ದರು. ಟಕ್ ಅಂತು. ಬಿಚ್ಚಿತು ಅಂತ ಖುಷಿಯಿಂದ ನೋಡ್ತಾರ, ಬೋಲ್ಟು ಮುರದು ಪಾನಾದಾಗ ಕೂತದ. ಜಂಗು ಭಾಳ ಅದ, ಮುಂದಿನದು ನೋಡೂಣು ಅಂದರು. ಅದೂ ಟಕ್. ಬುದ್ಧಿ ಇದ್ದವರು ಎರಡಕ್ಕ ನಿಂದರ್ತಾರ. ನಮ್ಮ ಮನ್ಯಾಗಿನವರು ಐದಕ್ಕ ಐದೂ ಮುರದು ಆಮ್ಯಾಲ ನೀರು ಕುಡದರು.

ಮುರದ ಬೋಲ್ಟು ತಗೊಂಡು ಹೋಗಿ ಕಂಬಾರನಿಗಿ ತೋರಸಿ, ಹಂಥಾವೇ ಬೋಲ್ಟು, ಹೊಸಾ ನಟ್ಟು ಸಹಿತ, ಮಾಡಿಸಿಕೊಂಡು ಬಂದರು. ನಟ್ಟು ಏರಿತು, ಗಾಲಿ ಕೂತಿತು. ಓಣಿ ಮಂದಿ ಎಲ್ಲಾ ಬಂದು ನಿಂತರು. ಮಾವ ಮುಂದ ಕೂತರು. ಲಾರಿ ಅಂಗಳ ಬಿಟ್ಟು, ಓಣಿ ಬಿಟ್ಟು, ಊರ ಹೊರಗಿನ ರಸ್ತಾಕ್ಕ ಹೋಯ್ತು. ನಾವು ಹೆಂಗಸರು ಮಾಳಗಿ ಏರಿ ನೋಡಲಾಕ ಹತ್ತಿದ್ದೆವು. ಸ್ವಲ್ಪ ದೂರ ಹೋಗೂದ್ರಾಗ ಒಂದು ಗಾಲಿ ಲಾರಿನ ಹಿಂದ ಹಾಕಿ ತಾನೊಂದೇ ಮುಂದ ಹೋಗಲಾಕ ಹತ್ತಿತು. ಖರೇನೇ ಹೇಳ್ತೇನಿ, ಅದು ಎಷ್ಟು ಚಂದ ಹೋಯ್ತಂದ್ರ, ನನಗ ಮೊದಲ ಅದರ ಮ್ಯಾಲೇ ಕಣ್ಣು ಹೋಯ್ತು, ಗಂಡ ಮಾವ ಆಮ್ಯಾಲ ನೆನಪಾದರು. ಗಾಲಿ ಹೋಗಿ ಯಾರದೋ ಕೆಂಪ ಮೆಣಸಿನಕಾಯಿ ಒಣಾ ಹಾಕಿದ ಕಣಕ್ಕ ಇಳೀತು. ಲಾರಿ ಮೂಗು ನೆಲಕ್ಕ ಊರಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಊರೆಲ್ಲಾ ಸೀನಿತು ಅಷ್ಟ.

ಆಮ್ಯಾಲ ಕೂತು ಮುರದ ಬೋಲ್ಟನ್ನ ಸರಿಯಾಗಿ ನೋಡಿದರು. ಬೋಲ್ಟಿನ ಮೈಮ್ಯಾಲ ಸುತ್ತು ಇರ್ತಾವಲ್ಲ, ಎಲ್ಲಾ ಬೋಲ್ಟಿಗೂ ಒಂದೇ ಕಡಿ ತಿರುಗಿರ್ತಾವ. ಇವು ಉಲ್ಟಾ ತಿರುಗಿದ್ದವು. ಎಡಗಡಿ ಗಾಲಿ ತಿರುಗುಮುಂದ ನಟ್ಟು ತಾನಾಗೆ ಸಡ್ಲ ಆಗಬಾರದು ಅಂತ ಆ ಪರದೇಶದವರು ಹಂಗ ಮಾಡಿದ್ದರು. ಇವರು ಬಿಚ್ಚತೇವಿ ಅಂತ ತಿಳ್ಕೊಂಡು ಬಿಗಿ ಮಾಡಿದ್ದರು. ಕಂಬಾರ ಸೀದಾ ಸುತ್ತು ಹಾಕಿಕೊಟ್ಟಿದ್ದ, ಅದಕ್ಕೇ ಗಾಲಿ ಹೋಯ್ತು. ಕಂಬಾರನ ಕಡಿ ಉಲ್ಟಾ ಸುತ್ತು ಹಾಕೂ ಹತಾರ ಇರಲಿಲ್ಲ. ಬೀದರ ಪ್ಯಾಟ್ಯಾಗ, ಚೌಬಾರಾ ಗೋಪುರದ ಸುತ್ತಮುತ್ತಿನ ಅಂಗಡಿಗೋಳ್ಯಾಗ ಎಲ್ಲಾ ಹುಡಕಿದರು. ಅಂಗಡ್ಯಾವರು ಬೋಲ್ಟು ನೋಡಿ ನಗ್ತಿದ್ದರಂತ: "ಇದು ಮಾಡಿದಾಂವ ಎಡಚ ಇರಬೇಕು ನೋಡ್ರಿ."

ಮಾವನಿಗಿ ಸಾಕಾಯ್ತು. ಮೆಣಸಿನಕಾಯಿ ಘಾಟು ಅವರ ಗಂಟಲದಾಗಿಂದ ಇನ್ನೂ ಹೋಗಿದ್ದಿಲ್ಲ. "ಅಮಾಸಿ ಒಳಗ ಇದು ನಡೀಲಿಲ್ಲ ಅಂದ್ರ ಕಂಬಾರನಿಗಿ ಕೊಟ್ಟು ಕುಂಟಿ, ಕುಡ, ಕುರಪಿ ಬಡಸ್ತೇನಿ" ಅಂದರು. ಮತ್ತ ನನ್ನ ಕಡಿ ನೋಡ್ಲಾರದೇ ನನಗ ಕೇಳೂ ಹಂಗ ಅಂದರು, "ನಡದ್ರೂ ಅದು ಹತ್ತಿ ತರೂ ಲಾರಿ. ಹೆಣ್ಮಕ್ಕಳು ಕೂತು ಮೆರಿಯೂದಲ್ಲ."

ಹಿಂಗ ನನಗ ಎರಡೂ ಕಡಿ ಬಾಗಲ ಹಾಕಿತ್ತು. ಲಾರಿ ನಡೀಲಿಲ್ಲಂದ್ರ ಹೋಗೂದಿಲ್ಲ, ನಡದ್ರೂ ಹೋಗೂದಿಲ್ಲ. ಆದ್ರೂ ಮೊದಲ ನಡೀಲಿ, ಕೂಡೂದು ಆಮ್ಯಾಲ ನೋಡೂಣು ಅಂತ ನನಗ ಅನಸ್ತಿತ್ತು. ಸಿಟ್ಟು ಬಂದ್ರೂ ನನಗ ಅಳೂ ಚಟ ಇರಲಿಲ್ಲ, ಜ್ವಾಳ ಬೀಸೂದು ಜಾಸ್ತಿ ಆಗ್ತಿತ್ತು. ಆ ವಾರ ಮನ್ಯಾಗ ಹಿಟ್ಟು ಇಡಲಾಕ ಡಬ್ಬಿ ಸಾಲ್ಲಿಲ್ಲ.

ಅಷ್ಟರಾಗ ಇವರು ಬೀದರದಾಗ ಒಂದು ಹಳಿ ಮೋಟಾರ ನೋಡಿ ಬಂದರು. ಕಿಲ್ಲೆ ಕಡಿ ಹೋಗೂ ಹಾದ್ಯಾಗ ಒಬ್ಬ ಜಾಗೀರದಾರರ ಹವೇಲಿ. ಅವರು ತೀರಿಹೋಗಿದ್ದರು. ಅವರ ಮೋಟಾರ ಹವೇಲಿ ಅಂಗಳದಾಗ ಹಂಗೇ ನಿಂತಿತ್ತು, ಒಳಗ ಕೋಳಿ ಸಾಕಿದ್ದರು. ನಮ್ಮ ಲಾರಿ ಮಾಡಿದವರೇ ಮಾಡಿದ್ದು. ನಮ್ಮದಕ್ಕ ಹಿಂದ ಹತ್ತಿ ಹೇರೂ ಡಬ್ಬಿ, ಅವರದಕ್ಕ ಮೆತ್ತನ ಗಾದಿ, ಕೆಳಗಿಂದೆಲ್ಲಾ ಒಂದೇ. ಎಡಗಾಲಿ ಬೋಲ್ಟು ಸೈತ. ಇವರು ಬಾಗಲದಾಗ ನಿಂತು, ರೊಕ್ಕ ಕೊಡ್ತೇವಿ, ಐದು ಬೋಲ್ಟು ಕೊಡ್ರಿ ಅಂತ ಕೇಳಿಕೊಂಡಿದ್ದರು. ಪರದಾ ಹಿಂದಿಂದ ಜಾಗೀರದಾರರ ಹೆಂಡತಿ ಬೇಗಂ ಸಾಬರು ಹೇಳಿ ಕಳಸಿದ್ದು ಒಂದೇ ಮಾತು: ನಮ್ಮ ಮನ್ಯಾಗ ಮಾರೂ ಸಾಮಾನು ಯಾವುದೂ ಇಲ್ಲ.

"ಗಂಡಸರು ಹೋಗಿ ಬಾಗಲದಾಗ ನಿಂತ್ರ ಇನ್ನೇನಾಗ್ತದ" ಅಂದಳು ಅತ್ತಿ. ಮೈಲೂರದಾಗ ಆಕಿ ತಂಗಿ ಮನಿ ಇತ್ತು. ಅದರ ನೆವ ಮಾಡಿ, ಬಂಡಿ ಕಟ್ಟಿಸಿ, ನನ್ನೂ ಕರಕೊಂಡು ಬೀದರಿಗಿ ಹೊಂಟಳು. ಬಂಡ್ಯಾಗ ಹಸಿ ಕಡ್ಲಿ ಗಿಡದ ಒಂದು ಸಿವುಡು, ಒಂದು ಹೊಸಾ ಬೆಲ್ಲದ ಪೆಂಟಿ. ಹಾದಿ ಪೂರ್ತಿ ನನಗ ಒಂದೇ ಪಾಠ: "ನೀ ಬಾಯಿ ಮುಚ್ಕೊಂಡು ಕೂಡು. ಮಾತು ನಾ ಆಡ್ತೇನಿ. ಮೊದಲ ಹವಾ ಪಾಣಿ ಮಾತು, ಆಮ್ಯಾಲ ಮಕ್ಕಳು ಮರಿ, ಆಮ್ಯಾಲ ಮೆಲ್ಲಕ ಮೋಟಾರಿಗಿ ಬರ್ತೇನಿ."

ಹವೇಲ್ಯಾಗ ಹೆಂಗಸರಿಗಿ ಯಾರ ಅಡ್ಡಿ? ಸೀದಾ ಒಳಗ ಹೋದೆವು. ಬೇಗಂ ಸಾಬರು ತಖ್ತದ ಮ್ಯಾಲ ಕೂತಿದ್ದರು, ಬಿಳಿ ಕೂದಲ, ಬಾಯಾಗ ಎಲಿ ಅಡಕಿ, ಕಣ್ಣಾಗ ನಗು ಇನ್ನೂ ಖಾಲಿ ಆಗಿರದ ಹೆಂಗಸು. ಕಡ್ಲಿ ಗಿಡ ನೋಡಿ ಖುಷಿಪಟ್ಟು, ಅಲ್ಲೇ ಕಾಯಿ ಸುಲದು ತಿನ್ಲಾಕ ಸುರು ಮಾಡಿದರು. ಅತ್ತಿ ಹೇಳಿದ ಹಂಗೇ ಹವಾದಿಂದ ಹೊಂಟು ಮಕ್ಕಳ ತನಕ ಬಂದಳು.

ಬೇಗಂ ಸಾಬರು ನನ್ನ ನೋಡಿ, "ಯೇ ನಯೀ ದುಲ್ಹನ್ ಹೈ ಕ್ಯಾ?" ಅಂತ ಕೇಳಿದರು.

"ಹೌದ್ರಿ, ನಮ್ಮ ಹೊಸಾ ಸೊಸಿ. ನಿಮ್ಮ ಮನಿಗಿ ಮೊದಲ ಸಲ ಬಂದಾಳ."

"ಹಂಗಂದ್ರ ಉಡಿ ಖಾಲಿ ಹ್ಯಾಂಗ ಕಳಸೂದು?" ಅಂದರು ಬೇಗಂ ಸಾಬರು. ಬೀದರ ಮಂದಿಗಿ ಒಬ್ಬರ ಪದ್ಧತಿ ಇನ್ನೊಬ್ಬರಿಗಿ ಗೊತ್ತು. ಹೊಸಾ ಮದುಮಗಳು ಮೊದಲ ಸಲ ಮನಿಗಿ ಬಂದ್ರ ಆಕಿ ಸೆರಗಿನ್ಯಾಗ ಏನಾರ ಹಾಕಿ ಉಡಿ ತುಂಬಬೇಕು, ಖಾಲಿ ಕಳಸಿದ್ರ ಮನಿಗಿ ಛಲೋ ಅಲ್ಲ. ಉತ್ತತ್ತಿ, ಸಕ್ಕರಿ, ಕೊಬ್ಬರಿ ಬಟ್ಟಲ, ಒಂದು ಕುಬಸದ ಖಣ ತರಿಸಿದರು. ನಾ ಎದ್ದು ಸೆರಗು ಒಡ್ಡಿ ನಿಂತೆ. ಅವರು ಒಂದೊಂದೇ ಹಾಕ್ಕೋತ, ಪ್ರೀತಿಲೆ ಕೇಳಿದರು, "ಔರ್ ಕ್ಯಾ ಹೋನಾ ಬೇಟಿ? ಮಾಂಗ್."

ಇನ್ನೇನು ಬೇಕು, ಕೇಳು ಅಂದರು. ನಾ ಕೇಳಿಬಿಟ್ಟೆ.

"ನಿಮ್ಮ ಮೋಟಾರಿನ ಎಡಗಾಲಿ ಬೋಲ್ಟು ಬೇಕ್ರಿ. ಐದು. ನಟ್ಟು ಸಹಿತ."

ಅತ್ತಿ ಹಿಂದಿಂದ ನನ್ನ ಮೀನಗಂಡಕ್ಕ ಚೂಟಿದ ಗುರುತು ಹೋಗಲಾಕ ಭಾಳ ದಿನ ಹಿಡೀತು. ಬೇಗಂ ಸಾಬರು ಕೈಯಾಗಿನ ಉತ್ತತ್ತಿ ಹಂಗೇ ಹಿಡದು ನಿಂತರು. ಹೊರಗ ಮೋಟಾರ ಕಿಡಕ್ಯಾಗಿಂದ ಒಂದು ಹುಂಜ ಹಣಿಕಿ ಹಾಕಿ ಕೂಗಿತು. ಬೇಗಂ ಸಾಬರು ನಗಲಾಕ ಸುರು ಮಾಡಿದರು. ಹ್ಯಾಂಗ ನಕ್ಕರಂದ್ರ, ಎಲಿ ಅಡಕಿ ಉಗುಳಿ, ತಖ್ತ ಹಿಡ್ಕೊಂಡು ಕೂತು ನಕ್ಕರು.

ನಕ್ಕು ಮುಗಿಸಿ ಹೇಳಿದರು. ಅವರ ಯಜಮಾನರು ಬದುಕಿದ್ದಾಗ ದಿನಾ ಸಂಜಿಕಿ ಆ ಮೋಟಾರಿನ್ಯಾಗ ಪರದಾ ಇಳಿಬಿಟ್ಟು ಇವರನ್ನ ಕೂಡ್ರಿಸಿಕೊಂಡು ಹವಾ ತಿನ್ನಲಾಕ ಹೋಗ್ತಿದ್ದರಂತ. ಅವರು ಹೋದ ಮ್ಯಾಲ ಎಷ್ಟೋ ಮಂದಿ ಬಂದು ರೇಟು ಕೇಳಿದರಂತ. "ರೇಟು ಕೇಳಿದವರಿಗೆಲ್ಲಾ ನಕ್ಕೊ, ಬ್ಯಾಡ ಅಂದೆ" ಅಂದರು. ನಮ್ಮ ಅತ್ತಿ ಮೆಲ್ಲಕ, "ಮೊನ್ನಿ ನನ್ನ ಮಗನಿಗೂ ನಕ್ಕೊ ಅಂದ್ರಂತಲ್ರಿ" ಅಂದಳು.

"ಬೇಚನಾ ನಕ್ಕೊ ಬೋಲಿ ಮೈಂ. ದೇನಾ ನಕ್ಕೊ ಕಬ್ ಬೋಲಿ?"

ಮಾರಂಗಿಲ್ಲ ಅಂದೆ, ಕೊಡಂಗಿಲ್ಲ ಅಂತ ಯಾವಾಗ ಅಂದೆ? ಇಷ್ಟಂದು ಬೇಗಂ ಸಾಬರು ಮನಿ ಆಳನ್ನ ಕರದರು.

ಕೋಳಿ ಎಬ್ಬಿಸಿ, ಮೋಟಾರಿಗಿ ಕಲ್ಲು ಊರಿ, ಮನಿ ಆಳಿನ ಕೈಗಿ ಪಾನಾ ಕೊಟ್ಟರು. ಆಂವ ಪಾನಾ ಹಾಕಿ ಜಗ್ಗಲಾಕ ತಯಾರಾದ. ನಾ ಚಿಕ್ ಪರದಾದ ಹಿಂದಿಂದ ಒದರಿದೆ, "ಹಂಗಲ್ಲ, ಉಲ್ಟಾ! ಆ ಕಡಿ ತಿರುಗಸಿದ್ರ ಮುರೀತದ, ನಮ್ಮವು ಐದೂ ಹಂಗೇ ಹೋದವು!" ಆಂವ ನನ್ನ ಕಡಿ ನೋಡಿದ, ಬೇಗಂ ಸಾಬರ ಕಡಿ ನೋಡಿದ. ಅವರು, "ದುಲ್ಹನ್ ಹೇಳ್ದಂಗ ಮಾಡು" ಅಂದರು. ಉಲ್ಟಾ ತಿರುಗಿಸಿದ. ಬೆಣ್ಣ್ಯಾಗಿನ ಕೂದಲದಂಗ ಬಿಚ್ಚಿ ಬಂದವು. ತಾಟಿನ್ಯಾಗ ಹಾಕ್ಕೊಂಡು ಬಂದರು. ಬೇಗಂ ಸಾಬರು ಅವಕ್ಕ ಅರಿಶಿಣ ಕುಂಕುಮ ಹಚ್ರಿ ಅಂತ ಅತ್ತಿಗಿ ಹೇಳಿ, ಹಚ್ಚಿದ ಮ್ಯಾಲ ತಮ್ಮ ಕೈಲೆ ಒಂದೊಂದೇ ನನ್ನ ಸೆರಗಿನ್ಯಾಗ ಹಾಕಿದರು, ಉತ್ತತ್ತಿ ಸಕ್ಕರಿ ಜ್ವಾಡಿ. ನನ್ನ ಲಗ್ನದ ಇಳಕಲ್ಲ ಸೀರಿಗಿ ಕೀಲೆಣ್ಣಿ ಹತ್ತಿ ಕರ್ರಗಾಯ್ತು. ಆ ಕಲಿ ಕಡೀ ತನಕ ಹೋಗಲಿಲ್ಲ, ನಾನೂ ಒಗೀಲಾಕ ಜೋರು ಮಾಡಲಿಲ್ಲ.

ಭಾಲ್ಕಿಗಿ ಬಂದ ಮ್ಯಾಲ ಒಂದು ಹೊಸಾ ಪೇಚು ಸುರು ಆಯ್ತು. ಇವರು ಬೋಲ್ಟು ಬಂದಾವ ಅಂತ ಕೇಳಿ, ಕೈ ತೊಳೀಲಾರದೇ ಓಡಿ ಬಂದರು. ಅತ್ತಿ ಆಗಲೇ ಅವನ್ನ ದೇವರ ಜಗಲಿ ಮ್ಯಾಲ ಇಟ್ಟು ಇಬತ್ತಿ ಹಚ್ಚಿ ಮುಗದಿದ್ದಳು.

"ಅವ್ವಾ, ಕೊಡಲ್ಲ."

"ಏನು ಕೊಡಬೇಕು? ಇವು ಉಡಿ ಸಾಮಾನು. ಉಡ್ಯಾಗ ಬಂದದ್ದನ್ನ ಗಾಲಿಗಿ ಬಡದು ಮಣ್ಣಾಗ ಹೊಳ್ಳಸ್ತೀಯೇನು?"

ಮಾವ ಕಟ್ಟಿ ಮ್ಯಾಲಿಂದ, "ಅಲ್ಲಾ, ಅವನ್ನ ತರಲಾಕೇ ಹೋಗಿದ್ರ್ಯಲ್ಲಾ" ಅಂದರು.

"ತರಲಾಕ ಹೋಗಿದ್ದೆವು, ಖರೇ. ಬಂದದ್ದು ಉಡ್ಯಾಗ. ನಾ ಏನು ಮಾಡ್ಲಿ?"

ಅಮಾಸಿಗಿ ಇನ್ನೂ ಸ್ವಲ್ಪ ದಿನ ಇತ್ತು. ಬೋಲ್ಟು ಲಿಂಗದ ಮಗ್ಗಲಕ ಕೂತಿದ್ದವು, ದಿನಾ ಪೂಜಿ ಆಗ್ತಿತ್ತು. ನಮ್ಮ ಮನ್ಯಾವ್ರು ಅಷ್ಟು ಭಕ್ತಿಲೆ ದೇವರ ಮನಿ ಬಾಗಲದಾಗ ಕೂತದ್ದು ಮೊದಲೂ ಇಲ್ಲ, ಆಮ್ಯಾಲೂ ಇಲ್ಲ. ನನಗ ಮಾತ್ರ ಅತ್ತಿ ಮ್ಯಾಲ ತಲಿ ಸಿಟ್ಟು ಬಂದಿತ್ತು. ಕಳ್ಳತನ ಮಾಡಿ ಕೊಡಬೇಕು ಅಂತ ಸೈತ ಅನಸ್ತು. ಆಕಿ ಜಗಲಿ ಮುಂದಿಂದ ಕದಲ್ತಿದ್ದಿಲ್ಲ.

ಕಡಿಗಿ ಮಾವನೇ ಸೋತರು. ಔರಾದದಾಗ ಹತ್ತಿ ಬಿಡಸಿ ಇಟ್ಟಿದ್ದರು, ತರಲಿಲ್ಲಂದ್ರ ಬ್ಯಾರೇದವರು ತಗೊಂಡು ಹೋಗ್ತಾರ. "ಇದಕ್ಕ ಏನಾರ ಹಾದಿ ಅದನೋ ಇಲ್ಲೋ? ಉಡಿ ಅಕ್ಕಿ ಜಗಲಿ ಮ್ಯಾಲ ಇಟ್ಟು ಹುಳಾ ಬೀಳಸ್ತಾರೇನು?" ಅಂತ ಕೇಳಿದರು.

ಅತ್ತಿ ಈ ಮಾತಿಗೇ ದಾರಿ ಕಾಯ್ತಿದ್ದಳು ಅಂತ ಕಾಣ್ತದ. ಸೆರಗು ತಲಿ ಮ್ಯಾಲ ಹೊಚ್ಚಿಕೊಂಡು ಹೊರಗ ಬಂದು ನಿಂತಳು.

"ಉಡಿ ಅಕ್ಕಿ ಮಂದಿಗಿ ಕೊಡ್ತಾರೇನ್ರಿ? ಇಲ್ಲ. ಯಾರ ಉಡ್ಯಾಗ ಬಂತೋ ಆಕಿನೇ ಅಡಗಿ ಮಾಡಿ ಉಣ್ಣಬೇಕು. ಹಂಗೇ ಈ ಬೋಲ್ಟು. ಹಚ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇವು ಯಾವ ಊರಿಗಿ ಹೋಗ್ತಾವೋ, ಆ ಊರಿಗಿ ಈಕಿನೂ ಕೂಡ ಹೋಗಬೇಕು. ಇವನ್ನಷ್ಟೇ ಹೊರಗ ಕಳಸಿ ಈಕಿನ ಮನ್ಯಾಗ ಇಟ್ಕೊಂಡ್ರ, ಮನಿ ಐಶ್ವರ್ಯ ಹೊರಗ ಹೋದಂಗ."

ಮಾವ ಬಾಯಿ ತಗದರು. ಅತ್ತಿ ಮುಂದುವರಸಿದಳು, "ಮತ್ತ ಸಣ್ಣ ಹುಡುಗಿನ ಒಬ್ಬಾಕಿನ್ನೇ ಗಂಡಸರ ನಡುವ ಕೂಡಸ್ಲಾಕ ಆಗ್ತದೇನು? ಹಂಗಾಗಿ ನಾನೂ ಹೋಗ್ತೇನಿ."

ಈ ಶಾಸ್ತ್ರ ನಾ ಅದಕಿಂತ ಮೊದಲ ಕೇಳಿದ್ದಿಲ್ಲ, ಆಮ್ಯಾಲ ಯಾರ ಮನ್ಯಾಗೂ ಕೇಳಿಲ್ಲ. ಮಾವನೂ ಕೇಳಿದ್ದಿಲ್ಲ. ಆದ್ರ ಶಾಸ್ತ್ರದ ಮಾತಿನ್ಯಾಗ ಹೆಂಗಸರಿಗಿ ಎದುರು ಹೇಳೂ ಧೈರ್ಯ ನಮ್ಮ ಓಣಿ ಗಂಡಸರಿಗಿ ಇರಲಿಲ್ಲ. ಅವರು ತಂಬಾಕ ತಿಕ್ಕಿ ಬಾಯಾಗ ಹಾಕ್ಕೊಂಡು, "ಹತ್ತಿ ಹೇರೂ ಜಾಗಾದಾಗ ಕೂಡ್ರಿ ಮತ್ತ" ಅಂದರು.

"ಹತ್ತಿ ಬರೂಮುಂದ ಹೇರ್ತೀರಿ. ಹೋಗೂಮುಂದ ಮುಂದ ಯಾರ ಕೂಡ್ತಾರ?" ಅಂದಳು ಅತ್ತಿ.

ಅಮಾಸಿ ದಿನ ಬೆಳಕು ಹರಿಯೂದ್ರಾಗ ಹೊಂಟೆವು. ಇವರು ಲಾರಿ ನಡಸ್ಲಾಕ, ಮಗ್ಗಲಕ ಅತ್ತಿ, ಆಕಿ ಮಗ್ಗಲಕ ನಾನು. ಎಡಗಾಲಿ ನನ್ನ ಕಾಲ ಕೆಳಗೇ ಇತ್ತು. ಮಾವ ಹಿಂದ ಖಾಲಿ ಚೀಲದ ಮ್ಯಾಲ ಕೂತಿದ್ದರು, ಕುಲುಕಾಟಕ್ಕ ಅವರ ಬೈಗಳ ತುಂಡು ತುಂಡಾಗಿ ಕೇಳ್ತಿತ್ತು. ಲಾರಿ ಓಡೂದು ಅಂದ್ರ ಹ್ಯಾಂಗಂತ ಹೇಳ್ಲಿ? ಗಾಳಿ ಬಂದು ಬಾಯಾಗ ಹೋಗ್ತದ, ಮುಚ್ಚಿದ್ರ ಕಿವ್ಯಾಗ ಹೋಗ್ತದ. ಹಾದ್ಯಾಗ ಬಂಡಿ ಎತ್ತು ಬೆದರಿ ಹೊಲಕ್ಕ ಇಳೀತಿದ್ದವು. ನಾ ಎರಡೂ ಕಣ್ಣು ತಗದು ಕೂತಿದ್ದೆ. ಅತ್ತಿ ಎರಡೂ ಕಣ್ಣು ಮುಚ್ಕೊಂಡು ನನ್ನ ಕೈ ಹಿಡ್ಕೊಂಡಿದ್ದಳು, ಬಿಟ್ಟಿದ್ದಿಲ್ಲ.

ಮಾಂಜ್ರಾ ಹೊಳ್ಯಾಗ ನೀರು ಕಡಿಮಿ ಇತ್ತು, ಉಸಕು ಭಾಳ ಇತ್ತು. ಗಾಲಿ ಉಸಕಿನ್ಯಾಗ ಹೂತು ಒದ್ದಾಡ್ತು. ಬೋಲ್ಟು ಈಗ ಮುರೀತಾವ, ಈಗ ಮುರೀತಾವ ಅಂತ ನಾ ಕೂತಲ್ಲೇ ಕಾಲು ಒತ್ತಿ ಹಿಡದೆ, ನನ್ನ ಕಾಲಲೆ ಹಿಡದಂಗ. ಮುರೀಲಿಲ್ಲ. ಲಾರಿ ಆ ಕಡಿ ದಂಡಿ ಏರಿ ಒಂದು ಉಸರು ಬಿಡ್ತು.

ಅಲ್ಲಿಂದ ಸ್ವಲ್ಪ ಮುಂದ ಹೋಗೂದ್ರಾಗ ಅತ್ತಿ ಕಣ್ಣು ತಗದಳು. "ಇಲ್ಲೇ ನಿಂದ್ರಸು. ಲಾರಿಗಿ ನೀರಡಸ್ಯಾದ" ಅಂದಳು.

"ಇಲ್ಲವ್ವಾ, ನೀರು ಇನ್ನೂ ಅದ."

"ನೀರಡಸ್ಯಾದ ಅಂತ ಹೇಳಿದೆ."

ನಿಂದ್ರಸಿದರು. ರಸ್ತಾದ ಮಗ್ಗಲಕ ಒಂದು ಸಣ್ಣ ಊರು, ಊರ ಹೊರಗ ಒಂದು ಬಾವಿ. ಅತ್ತಿ ತಾನೇ ಕೊಡ ಹಿಡ್ಕೊಂಡು ಇಳದು ಹೋಗಿ, ಆ ಬಾವ್ಯಾಗ ನೀರು ಸೇದಿ, ಮೊದಲ ತನ್ನ ಮುಖಕ್ಕ ಹಾಕ್ಕೊಂಡಳು. ತುಂಬಿದ ಕೊಡ ತಂದು ಲಾರಿ ಬಾಯಿಗಿ ತಾನೇ ಸುರುವಿದಳು. ಮಾವ ಹಿಂದಿಂದ ಇಳೀಲಿಲ್ಲ, ಬೈಲೂ ಇಲ್ಲ. ಅತ್ತಿ ಏರಿ ಕೂತ ಮ್ಯಾಲ ನಾ ಕೇಳಿದೆ, "ಇದು ಯಾವೂರ್ರಿ ಅತ್ತಿ?"

"ನಮ್ಮೂರು. ಬಾವಿ ನಮ್ಮಪ್ಪ ತೋಡಿಸಿದ್ದು."

"ಒಳಗ ಹೋಗಂಗಿಲ್ಲೇನ್ರಿ?"

"ಯಾರ ಮನಿಗಿ ಹೋಗ್ಲಿ? ಅಪ್ಪ ಅವ್ವ ಹೋದರು, ಕರ್ಯಾವರು ಯಾರೂ ಉಳದಿಲ್ಲ. ನೀ ಮುಂದ ನೋಡು, ನಿಮ್ಮ ಹೊಲ ಬಂದ್ರ ದಾಟಿಹೋದೀ."

ನಮ್ಮ ಹೊಲ ದಾಟಿ ಹೋಗಲಿಲ್ಲ. ಮಂದಿ ಹೊತ್ತು ತಂದು ಕೂಡಸಿದ ಅಪ್ಪ ಕೊಂಪಿ ಮುಂದ ಕಂಬಳಿ ಮ್ಯಾಲ ಒಂದು ಮಗ್ಗಲಾಗಿ ಕೂತಿದ್ದ. ಲಾರಿ ಬಂದು ನಿಂತದ್ದು ನೋಡಿ, ಸರ್ಕಾರದವರು ಬಂದರು ಅಂತ ತಿಳ್ಕೊಂಡು ಏಳಲಾಕ ಹೋದ. ನಾ ಇಳದೆ. ಸುತ್ತಲಿನ ಹೊಲದಾಗಿನ ಮಂದಿ ಎಲ್ಲಾ ಓಡಿ ಬಂದು ಲಾರಿ ಸುತ್ತ ನಿಂತರು, ನನ್ನ ಕಡಿ ಯಾರೂ ನೋಡ್ಲಿಲ್ಲ. ಅಪ್ಪ ಒಬ್ಬಾಂವ ನನ್ನ ನೋಡಿದ. ಆಮ್ಯಾಲ ಲಾರಿ ನೋಡಿ, "ನಾ ಯಾರಿಗೂ ಕರೀಲಾಕ ಕಳಸಿರಲಿಲ್ಲಲ್ಲವ್ವಾ" ಅಂದ.

"ಹೌದು. ಅದಕ್ಕ ನಾವೇ ಬಂದೀವಿ" ಅಂದಳು ಅತ್ತಿ, ಅವನ ಮುಂದೇ ಕೂತು ರೊಟ್ಟಿಗಿ ಕೈ ಹಾಕ್ಕೋತ. "ಭಜ್ಜಿ ಭಾಳ ಛಲೋ ಮಾಡ್ತಾರಂತಲ್ಲ, ಬಡಸ್ರಿ. ನನ್ನ ಬೆನ್ನು ಬಿದ್ದು ಹೋಗ್ಯಾದ."

ಅವ್ವ ಬಡಸಿದಳು. ಅತ್ತಿ ನನಕಿಂತ ಜಾಸ್ತಿ ಉಂಡಳು. ಸಂಜಿ ತನಕ ಹೊಲದಾಗೇ ಅಡ್ಡಾಡಿದಳು, ಕಡ್ಲಿ ಕಿತ್ತಳು, ನಮ್ಮವ್ವನ ಕೂಡ ಕೂತು ಊರಿನ ಸುದ್ದಿ ಎಲ್ಲಾ ಮಾತಾಡಿದಳು. ಮತ್ತ ಹೊಂಡೂಮುಂದ ನಮ್ಮವ್ವ ನನಗ ಉಡಿ ತುಂಬಿದಂಗ ಅತ್ತಿಗೂ ತುಂಬಿದಳು. ಅತ್ತಿ ಸೆರಗು ಒಡ್ಡಿ ನಿಂತಾಕಿ, ಎಲ್ಲಾ ಹಾಕಿ ಮುಗದ ಮ್ಯಾಲೂ ಸೆರಗು ಮಡಚಲಿಲ್ಲ. ಇನ್ನೂ ಏನಾರ ಹಾಕ್ತಾರಂತ ಕಾಯ್ಲಾಕ ಹತ್ಯಾಳ ಅಂತ ನಾ ಅನ್ಕೊಂಡೆ. ಆ ವಯಸ್ಸಿನ್ಯಾಗ ನನ್ನ ತಲಿಗಿ ಅಷ್ಟೇ ಹೊಳೀತು.

ಆ ಲಾರಿ ನಮ್ಮ ಮನ್ಯಾಗ ಭಾಳ ವರ್ಷ ಓಡ್ತು. ಆಮ್ಯಾಲ ಹೊಸಾವು ಬಂದವು, ಉಲ್ಟಾ ಬೋಲ್ಟು ಹೋದವು, ಅತ್ತಿ ಮಾವ ಹೋದರು, ಇವರೂ ಹೋದರು. ಇದೆಲ್ಲಾ ಹೇಳಿ ನಾ ಕಣ್ಣು ಒರಸಿಕೊಳ್ಳಾಕಿ ಅಲ್ಲ. ಅತ್ತಿ ಶ್ಯಾಣ್ಯಾಕಿ, ನನಗ ಉಪಕಾರ ಮಾಡಿದಳು ಅಂತ ಇಷ್ಟು ದಿನ ಎಲ್ಲಾರಿಗೂ ಹೇಳ್ಕೋತ ಬಂದೀನಿ. ಈಗ ಕೂತು ಬರೀಲಾಕ ಹತ್ತಿದ ಮ್ಯಾಲ ಇನ್ನೊಂದು ತಿಳೀತು. ಆ ಶಾಸ್ತ್ರ ಆಕಿ ನನಗ ಅಂತ ಕಟ್ಟಿದ್ದಲ್ಲ. ತನಗ ಕಟ್ಕೊಂಡಿದ್ದಳು, ಅದರಾಗ ನನಗೂ ಜಾಗಾ ಸಿಕ್ಕಿತು. ಕರ್ಯಾವರು ಇಲ್ಲದ ಹೆಂಗಸಿಗಿ ಹಾದಿ ಬೇಕಾಗಿತ್ತು. ಒಳ್ಳೇದೇ ಮಾಡಿದಳು.

ಮೊನ್ನಿ ನಮ್ಮ ಮೊಮ್ಮಗನ ಹೆಂಡತಿ ಬಂದು, "ಅಜ್ಜಿ, ನಾಕು ದಿನ ತವರಿಗಿ ಹೋಗಿ ಬರ್ಲೇನ್ರಿ?" ಅಂತ ಕೇಳಿದ್ದಳು. "ಕರೀಲಾಕ ಯಾರ ಬಂದಾರ?" ಅಂತ ನನ್ನ ಬಾಯಿಂದ ಬಂದಿತ್ತು. ಆಕಿ ತಿರುಗಿ ಒಳಗ ಹೋಗಿದ್ದಳು. ಈಗ ಇಷ್ಟು ಬರದು, ಪೆನ್ನು ಮುಚ್ಚಿಟ್ಟು, ಅಡಗಿ ಮನಿಗಿ ಹೋದೆ. ಆಕಿ ರೊಟ್ಟಿ ಬಡೀತಿದ್ದಳು, ಬೇಕಾದ್ದಕಿಂತ ಜೋರಾಗೇ ಬಡೀತಿದ್ದಳು.

"ನಾಳಿ ಮುಂಜಾನಿ ಹೋಗು" ಅಂದೆ.

"ಯಾರೂ ಕರೀಲಾಕ ಬಂದಿಲ್ಲಲ್ರಿ ಅಜ್ಜಿ?"

"ಬಸ್ಸು ಬರ್ತದಲ್ಲ" ಅಂದೆ.